ತಡವಾಗಿ ಬೀಳುವ ಕಬ್ಬಿಣ

ಆ ಬೆಳಿಗ್ಗೆ ಇವರು ಬೂಟಿನ ಲೇಸು ಹುಡುಕುತ್ತಿದ್ದರು. ಲೇಸು ಕಿಟಕಿಯ ಪರದೆಯಲ್ಲಿತ್ತು. ಪರದೆಯ ದಾರ ಕಡಿದಿತ್ತು ಅಂತ ನಾನೇ ಹಿಂದಿನ ದಿನ ಬೂಟಿನಿಂದ ಬಿಚ್ಚಿ ಅಲ್ಲಿ ಕಟ್ಟಿದ್ದೆ.

"ಹೊಲಿಗೆಯವಳ ಮನೇಲಿ ದಾರಕ್ಕೆ ಬರ," ಅಂದರು. "ನಾಳೆ ನನ್ನ ಬೆಲ್ಟೂ ಹೋಗುತ್ತೆ. ಪ್ಯಾಂಟು ಕೈಯಲ್ಲಿ ಹಿಡ್ಕೊಂಡು ಕೆಲಸಕ್ಕೆ ಹೋಗ್ತೀನಿ."

"ಹೋಗಿ. ನಿಮ್ಮನ್ನ ನೋಡೋರು ಯಾರು?"

ನನ್ನ ಮೈದುನ ತಿಂಡಿ ತಿನ್ನುತ್ತಾ ನಕ್ಕ. ಅವನ ತಾಯಿ ತೀರಿಕೊಂಡಾಗ ಅವನಿಗೆ ಹಲ್ಲು ಬೀಳುವ ವಯಸ್ಸು. ನನಗೆ ಮಕ್ಕಳಾಗಲಿಲ್ಲ. ಅವನನ್ನೇ ಸಾಕಿದೆ. ಅವನ ಅಂಗಿಗಳನ್ನೆಲ್ಲ ಹೊಲಿದದ್ದು ನಾನು.

ಅಣ್ಣ ತಮ್ಮ ಇಬ್ಬರಿಗೂ ಒಂದೇ ಗುಜರಿ ಯಾರ್ಡಿನಲ್ಲಿ ಕೆಲಸ. ಹಳೇ ಕಬ್ಬಿಣ ಅಲ್ಲಿಗೆ ಗುಡ್ಡೆ ಗುಡ್ಡೆಯಾಗಿ ಬರುತ್ತದೆ. ಅದನ್ನು ಲಾರಿಗೆ ತುಂಬಿ ಕರಗಿಸುವ ಕಾರ್ಖಾನೆಗೆ ಕಳಿಸುತ್ತಾರೆ. ತುಂಬುವುದು ಕ್ರೇನು. ಅದರ ತುದಿಗೆ ಕೊಕ್ಕೆ ಇಲ್ಲ, ಮಗುಚಿಟ್ಟ ಬಾಣಲೆಯಂಥ ದೊಡ್ಡ ಮ್ಯಾಗ್ನೆಟ್ಟು ಇದೆ. ಕರೆಂಟು ಕೊಟ್ಟರೆ ಕಬ್ಬಿಣ ಹಿಡಿಯುತ್ತದೆ, ತೆಗೆದರೆ ಬಿಡುತ್ತದೆ. ಮೈದುನ ಮೇಲೆ ಕ್ಯಾಬಿನ್ನಿನಲ್ಲಿ ಕೂತು ಅದನ್ನು ಆಡಿಸುವವನು. ಇವರು ಕೆಳಗೆ. ಲಾರಿಯೊಳಗೆ ಬಿದ್ದದ್ದನ್ನು ಸಲಾಕೆಯಿಂದ ಹರಡಿ ಮುಂದಿನ ಹೊರೆಗೆ ಜಾಗ ಮಾಡುವವರು. ಹೊರೆ ಬಿದ್ದ ಮೇಲೆ ಮೇಲಿನವನು ಹಾರ್ನ್ ಹೊಡೆಯಬೇಕು. ಹಾರ್ನ್ ಕೇಳಿದ ಮೇಲೆ ಕೆಳಗಿನವನು ಲಾರಿ ಹತ್ತಬೇಕು. ಇದು ಅಲ್ಲಿನ ಪದ್ಧತಿ.

"ಅಣ್ಣಾ, ಬೇಗಪ್ಪ ಹೊಸ ರೂಲ್ಸು ಮಾಡಿದಾನೆ," ಅಂದ ಮೈದುನ. "ಸ್ವಿಚ್ ತೆಗೀತಿದ್ದ ಹಾಗೇ ಹಾರ್ನ್ ಹೊಡೀಬೇಕಂತೆ. ಕಾಯೋ ಹಾಗಿಲ್ಲ."

ಬೇಗಪ್ಪ ಅಂದರೆ ಸೂಪರ್‌ವೈಜರು. ಬಾಯಿ ತೆಗೆದರೆ ಬೇಗ ಬೇಗ ಅನ್ನುತ್ತಾನೆ ಅಂತ ಯಾರ್ಡಿನವರು ಇಟ್ಟ ಹೆಸರು.

"ಸ್ವಿಚ್ ತೆಗೆದ ತಕ್ಷಣ ಎಲ್ಲಾ ಬೀಳುತ್ತೇನೋ?" ಇವರು ಕೇಳಿದರು.

"ಬೀಳಲ್ಲ. ನಂಗೂ ಗೊತ್ತು. ಅವನಿಗೆ ಹೇಳೋರು ಯಾರು?"

"ನಾನು ಹೇಳಿದೆ. ಭಯ ಆದ್ರೆ ಬಳೆ ತೊಟ್ಕೊ ಅಂದ."

"ಬಳೆ ತೊಟ್ಟೋರ ಕೈ ಅವನು ನೋಡಿಲ್ಲ, ಬಿಡಿ," ಅಂದೆ ನಾನು.

ಇವರು ಲೇಸು ಕಟ್ಟಿ ಎದ್ದರು. ತಮ್ಮನ ಎದುರು ನಿಂತರು.

"ನೋಡೋ. ಅವನು ಏನಾದ್ರೂ ಹೇಳ್ಲಿ. ಕೊನೇ ತುಂಡು ಬಿದ್ದಿದ್ದನ್ನ ನೀನು ಕಣ್ಣಾರೆ ನೋಡಿ ಆಮೇಲೆ ಹೊಡಿ. ನೀನು ಹಾರ್ನ್ ಹೊಡೆದ್ರೆ ನಾನು ತಲೆ ಎತ್ತಿ ನೋಡೋದಿಲ್ಲ. ತಿಳೀತಾ?"

"ಆಯ್ತಣ್ಣಾ."

"ಅವನು ಬೈದ್ರೆ?"

"ಬೈಸ್ಕೋತೀನಿ. ಅತ್ತಿಗೆ ಹತ್ರ ಅಭ್ಯಾಸ ಆಗಿದೆಯಲ್ಲ."

ಮೂವರೂ ನಕ್ಕೆವು. ಅವರಿಬ್ಬರೂ ಹೋದರು. ನಾನು ಯಾರದೋ ಸ್ಕೂಲು ಯೂನಿಫಾರಂ ಹೊಲಿಯಲು ಕೂತೆ. ಅಷ್ಟೇ. ಅದಕ್ಕಿಂತ ದೊಡ್ಡ ಮಾತು ಆ ದಿನ ಏನೂ ಆಗಲಿಲ್ಲ.

ಇವರ ಬಗ್ಗೆ ಹೇಳಬೇಕು. ಯಾರ್ಡಿನವರು ಹೇಳುವುದು ಬೇರೆ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಇವರು ಚಿಕ್ಕಂದಿನಲ್ಲಿ ರಸ್ತೆಯಲ್ಲಿ ಮೊಳೆ ಆರಿಸಿ ಮಾರುತ್ತಿದ್ದರು. ದೊಡ್ಡವರಾದ ಮೇಲೆ ತಳ್ಳುಗಾಡಿ, ಆಮೇಲೆ ಯಾರ್ಡು. ಜೀವಮಾನವೆಲ್ಲ ಕಬ್ಬಿಣ. ಮೈಯಿಂದ ಎಷ್ಟು ತೊಳೆದರೂ ತುಕ್ಕಿನ ವಾಸನೆ ಹೋಗುತ್ತಿರಲಿಲ್ಲ. ಸಿಟ್ಟು ಬೇಗ ಬರುತ್ತಿತ್ತು, ಬೇಗ ಹೋಗುತ್ತಿತ್ತು. ಹಾಡು ಬರುತ್ತಿರಲಿಲ್ಲ, ಆದರೂ ಹಾಡುತ್ತಿದ್ದರು. ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದರು. ದೇವರಂಥ ಮನುಷ್ಯ ಅಂತ ನಾನು ಹೇಳುವುದಿಲ್ಲ. ಅವಸರದ ಮನುಷ್ಯ ಅಂತ ಮಾತ್ರ ಯಾರೂ ಹೇಳಬಾರದು. ಒಂದು ಲೋಟ ಟೀ ಕುಡಿಯಲು ಇವರು ತೆಗೆದುಕೊಳ್ಳುವ ಹೊತ್ತಿನಲ್ಲಿ ನಾನು ಒಂದು ಜೇಬು ಹೊಲಿದು ಮುಗಿಸುತ್ತಿದ್ದೆ.

ಜನರನ್ನೆಲ್ಲ ಕಬ್ಬಿಣದ ಲೆಕ್ಕದಲ್ಲೇ ಹೇಳುತ್ತಿದ್ದರು.

"ತಗಡು ಇದೆಯಲ್ಲ, ಅದು ಮಕ್ಕಳ ಥರ. ಮ್ಯಾಗ್ನೆಟ್ ಕರೆದ ತಕ್ಷಣ ಬರುತ್ತೆ, ಕೈ ಬಿಟ್ಟ ತಕ್ಷಣ ಓಡುತ್ತೆ. ನನ್ನ ತಮ್ಮ ತಗಡು. ಸ್ಪ್ರಿಂಗು, ಅರ, ಬೇರಿಂಗು ಇವೆಲ್ಲ ಗಟ್ಟಿ ಉಕ್ಕು. ಹಿಡಿಯೋದೂ ನಿಧಾನ, ಬಿಡೋದೂ ನಿಧಾನ. ಅದು ನೀನು."

ನಾನು ಇವರನ್ನು ಮದುವೆಯಾಗಲು ಬಹಳ ದಿನ ಒಪ್ಪಿರಲಿಲ್ಲ. ಅದನ್ನು ಕುಟುಕುವುದು.

"ಎರಡೂ ಬೆರೆತ ರಾಶಿ ಇದ್ರೆ?" ಅಂತ ಒಂದು ಸಲ ಕೇಳಿದ್ದೆ.

"ಅದು ಕೂಡು ಕುಟುಂಬ. ದೊಡ್ಡವನು ಬಾ ಅಂತಾನೆ, ಚಿಕ್ಕವನು ಹೋಗು ಅಂತಾನೆ. ನಡುವೆ ಸಿಕ್ಕಿದವನಿಗೆ ಯಾರ ಮಾತು ಕೇಳ್ಬೇಕೋ ತಿಳಿಯಲ್ಲ. ಅಲ್ಲೇ ನೇತಾಡ್ತಾನೆ. ಯಾವಾಗ ಬೀಳ್ತಾನೆ ಅನ್ನೋದು ಅವನಿಗೇ ಗೊತ್ತಿರಲ್ಲ. ಹೆಚ್ಚು ಹೊತ್ತು ಹಿಡ್ಕೊಂಡಿದ್ರೆ ಇನ್ನೂ ಮೊಂಡು. ಕರೆಂಟ್ ತೆಗೆದು ಉಸಿರು ಬಿಟ್ಟು, ಅಮ್ಮಾ ಅಪ್ಪಾ ಅಂತ ಆಕಳಿಸೋ ಹೊತ್ತಿಗೆ ಬೀಳುತ್ತೆ."

ಅದಕ್ಕೇ ಇವರು ರಾಶಿಯನ್ನು ಮೊದಲೇ ಬೇರೆ ಮಾಡಿಸುತ್ತಿದ್ದರು. ತಗಡು ಒಂದು ಕಡೆ, ಉಕ್ಕು ಒಂದು ಕಡೆ. ಬೇಗಪ್ಪ ಬಂದ ಮೇಲೆ ಅದು ನಿಂತಿತು. ಬೇರೆ ಮಾಡುತ್ತಾ ಕೂತರೆ ಲಾರಿ ಯಾವಾಗ ಹೊರಡುವುದು ಅಂದ. ಅಂಟಿಕೊಂಡದ್ದನ್ನು ಕೊಡವಲು ಕ್ಯಾಬಿನ್ನಿನಲ್ಲಿ ಉಲ್ಟಾ ಕರೆಂಟಿನ ಒಂದು ಗುಂಡಿ ಇತ್ತು. ಅದು ಸುಟ್ಟು ಹೋಗಿತ್ತು. ನೋಡೋಣ ಅಂದ. ನೋಡಲಿಲ್ಲ.

ಆ ದಿನ ನಡೆದದ್ದು ಇಷ್ಟು. ಬೆರಕೆ ರಾಶಿಯ ಹೊರೆ ಮೇಲೆದ್ದಿತ್ತು. ಬೇಗಪ್ಪ ಲಾರಿ ಡ್ರೈವರನ ಜೊತೆ ಜಗಳಕ್ಕೆ ನಿಂತ. ಜಗಳ ಮುಗಿಯುವ ತನಕ ಹೊರೆ ಮ್ಯಾಗ್ನೆಟ್ಟಿನಲ್ಲೇ ನೇತಾಡುತ್ತಿತ್ತು. ಆಮೇಲೆ ಬೇಗಪ್ಪ ಮೇಲೆ ನೋಡಿ ಕೂಗಿದ. ಮೈದುನ ಸ್ವಿಚ್ ತೆಗೆದ. ರಾಶಿ ಬಿತ್ತು. ಎಲ್ಲಾ ಬೀಳಲಿಲ್ಲ. ಬೇಗಪ್ಪ ಮತ್ತೆ ಕೂಗಿದ. ಮೈದುನ ಹಾರ್ನ್ ಹೊಡೆದ.

ಇವರು ತಲೆ ಎತ್ತಿ ನೋಡಲಿಲ್ಲ. ಲಾರಿ ಹತ್ತಿದರು. ಯಾವುದೋ ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ, ಮೊಳಕೈಯಷ್ಟು ಉದ್ದದ್ದು, ತಡವಾಗಿ ಬಿತ್ತು. ತಲೆಗೆ ಬೀಳಲಿಲ್ಲ. ಹೆಲ್ಮೆಟ್ಟು ಇತ್ತಲ್ಲ. ಕುತ್ತಿಗೆಗೆ ಬಿತ್ತು.

ಗೇಟಿನ ಪಕ್ಕದ ಟೀ ಅಂಗಡಿಯವಳು ನನಗೆ ಹೇಳಿದಳು: "ಹಾರ್ನ್ ಕೇಳಿಸ್ತು ಕಣಮ್ಮಾ. ಆಮೇಲೆ ಸದ್ದು ಕೇಳಿಸ್ತು. ಮೊದಲು ಹಾರ್ನು, ಆಮೇಲೆ ಸದ್ದು. ಸತ್ಯವಾಗ್ಲೂ."

ಅವಳನ್ನು ಯಾರೂ ಕೇಳಲಿಲ್ಲ. ವಿಚಾರಣೆಗೆ ಕಾರ್ಖಾನೆ ಇಲಾಖೆಯ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಅಷ್ಟರಲ್ಲಿ ಸುಟ್ಟ ಗುಂಡಿ ರಿಪೇರಿಯಾಗಿತ್ತು. ಬೇಗಪ್ಪ ಹೊಸ ತಗಡಿನ ಹೊರೆ ಎತ್ತಿಸಿ ತೋರಿಸಿದ. ಸ್ವಿಚ್ ತೆಗೆದರೆ ದಡಾರ್ ಅಂತ ಒಟ್ಟಿಗೇ ಬಿತ್ತು.

"ನೋಡಿ ಸಾರ್," ಅಂದ. "ಕರೆಂಟು ಹೋದ್ರೆ ಹಿಡಿಯೋಕೆ ಏನಿದೆ? ಕರೆಂಟ್ ಇರೋವಾಗ್ಲೇ ಅವನು ಒಳಗೆ ನುಗ್ಗಿದಾನೆ. ಹಾರ್ನಿಗೂ ಕಾದಿಲ್ಲ."

ಸಾಹೇಬರು ಮೈದುನನ ಕಡೆ ತಿರುಗಿದರು. "ಹಾರ್ನ್ ಹೊಡೆದಿದ್ದೇನಪ್ಪಾ?"

ಅವನು ತನ್ನ ಬೂಟು ನೋಡಿಕೊಂಡ. "ಇಲ್ಲ ಸಾರ್," ಅಂದ.

ನಾನು ಅಲ್ಲೇ ನಿಂತಿದ್ದೆ. ಅವನು ಹಾಕಿಕೊಂಡಿದ್ದ ಅಂಗಿಯ ಕಾಲರು ನಾನು ಹಿಂದಿನ ವಾರ ತಿರುಗಿಸಿ ಹೊಲಿದದ್ದು.

ತಪ್ಪು ಸತ್ತವನದು ಅಂತ ಆಯಿತು. ಬೇಗಪ್ಪನಿಗೆ ಅದೂ ಸಾಲಲಿಲ್ಲ. ಇವರ ಹೆಲ್ಮೆಟ್ಟನ್ನು ಯಾರ್ಡಿನ ಗೇಟಿಗೆ ತಂತಿಯಿಂದ ಕಟ್ಟಿಸಿದ. ಕೆಳಗೆ ಒಂದು ಹಲಗೆ. "ಅವಸರ ಮಾಡಬೇಡಿ. ಇವನ ಹಾಗೆ ಆಗಬೇಡಿ." ಅವಸರ ಮಾಡಬೇಡಿ ಅಂತ ಬರೆಸಿದವನು ಬೇಗಪ್ಪ. ಯಾರ್ಡಿನವರು ದಿನಾ ಅದರ ಕೆಳಗೆ ಹಾದು ಹೋಗುತ್ತಿದ್ದರು. ನಾನೂ ಬಟ್ಟೆ ಕೊಟ್ಟು ಬರಲು ಅದೇ ರಸ್ತೆಯಲ್ಲಿ ಹೋಗಬೇಕು. ಮಳೆ ಬಂದರೆ ಹೆಲ್ಮೆಟ್ಟಿನ ಅಂಚಿನಿಂದ ನೀರು ಹಲಗೆಯ ಮೇಲೆ ತೊಟ್ಟಿಕ್ಕುತ್ತಿತ್ತು.

ಆ ಹೆಲ್ಮೆಟ್ಟು ಕೆಳಗಿಳಿಯಬೇಕು. ಕಟ್ಟಿಸಿದವನ ಎದುರಿಗೇ, ಹಾರ್ನ್ ಹೊಡೆದವನ ಕೈಯಿಂದಲೇ ಇಳಿಯಬೇಕು. ನನಗೆ ಬೇರೆ ಏನೂ ಬೇಕಿರಲಿಲ್ಲ. ಒಂದು ರಾತ್ರಿ ಹೋಗಿ ನಾನೇ ತಂತಿ ಕತ್ತರಿಸಬಹುದಿತ್ತು, ಮನೆಯಲ್ಲಿ ಕತ್ತರಿಗೇನು ಬರವೇ? ಕತ್ತರಿಸಲಿಲ್ಲ.

ಆ ಸ್ಪ್ರಿಂಗ್ ಪಟ್ಟಿ ಬೇಕು ಅಂತ ಹೋಗಿ ಕೇಳಿದೆ. ಬೇಗಪ್ಪ ಪಕ್ಕದವನ ಮುಖ ನೋಡಿ ತಲೆಯ ಹತ್ತಿರ ಬೆರಳು ತಿರುಗಿಸಿದ. "ತಗೊಂಡು ಹೋಗ್ಲಿ ಬಿಡೋ. ಗುಜರಿ ತಾನೇ," ಅಂದ. ಸೆರಗಿನಲ್ಲಿ ಸುತ್ತಿಕೊಂಡು ತಂದೆ. ಹೊಲಿಗೆ ಮೆಷಿನ್ನಿನ ಮೇಲೆ ಇಟ್ಟೆ. ಹತ್ತಿರ ಬಿದ್ದಿದ್ದ ಸೂಜಿಗಳು ತಾವಾಗಿಯೇ ಎದ್ದು ಅದರ ತುದಿಗೆ ಅಂಟಿಕೊಂಡವು.

ಕರೆಂಟು ಹೋದರೆ ಹಿಡಿಯುವುದಕ್ಕೆ ಏನಿದೆ ಅಂದಿದ್ದನಲ್ಲ. ಇದಿತ್ತು, ಉಕ್ಕಿನೊಳಗೇ ಉಳಿದುಬಿಟ್ಟ ಹಿಡಿತ.

ಮೊದಲ ದಿನ ಒಂದು ಸೂಜಿಯ ತುದಿಗೆ ಇನ್ನೊಂದು, ಅದರ ತುದಿಗೆ ಮತ್ತೊಂದು, ಸರದ ಹಾಗೆ ನೇತಾಡಿದವು. ಆಮೇಲೆ ಸರ ಚಿಕ್ಕದಾಗುತ್ತಾ ಬಂತು. ಇದೂ ಮರೆತರೆ ನನ್ನ ಕಡೆ ಇನ್ಯಾರು? ಕುಟ್ಟಬಾರದು, ಬೀಳಿಸಬಾರದು, ಒಲೆಯ ಹತ್ತಿರ ಇಡಬಾರದು, ಮ್ಯಾಗ್ನೆಟ್ ಹಿಡಿದದ್ದು ಬಿಸಿಗೂ ಪೆಟ್ಟಿಗೂ ಎಲ್ಲಾ ಮರೆಯುತ್ತದೆ ಅಂತ ಇವರು ಯಾವಾಗಲೋ ಹೇಳಿದ್ದು ನೆನಪಿತ್ತು. ಹಾಗೇ ನೋಡಿಕೊಂಡೆ. ಹಿಡಿತ ಮೊದಲು ಓಡಿದಂತೆ ಇಳಿಯಿತು, ಆಮೇಲೆ ನಡೆದಂತೆ, ಆಮೇಲೆ ಬಸವನಹುಳುವಿನಂತೆ. ಕೊನೆಗೆ ಒಂದು ಸೂಜಿಯಲ್ಲಿ ನಿಂತಿತು. ಆ ಒಂದನ್ನು ಬಿಡಲಿಲ್ಲ.

ಅದನ್ನು ಮೈದುನನ ತಟ್ಟೆಯ ಪಕ್ಕದಲ್ಲಿ ಇಡಲು ಶುರು ಮಾಡಿದೆ.

ಬೈಯಲಿಲ್ಲ. ಅಳಲಿಲ್ಲ. ಮನೆ ಬಿಟ್ಟು ಹೋಗು ಅನ್ನಲಿಲ್ಲ. ಅವನು ಹೋದರೆ ನನ್ನ ಕೈಗೆ ಸಿಗುವುದಿಲ್ಲ. ಹೊತ್ತು ಹೊತ್ತಿಗೆ ಬಡಿಸಿದೆ. ಎಡಗಡೆ ನೀರಿನ ಲೋಟ, ಬಲಗಡೆ ಸ್ಪ್ರಿಂಗ್ ಪಟ್ಟಿ, ಅದರ ತುದಿಯಲ್ಲಿ ನೇತಾಡುವ ಸೂಜಿ.

ಮೊದಲು ಅವನು ನೋಡದವನ ಹಾಗೆ ತಿಂದ. ಆಮೇಲೆ ತಟ್ಟೆ ತಿರುಗಿಸಿ ಕೂತ. ನಾನು ಪಟ್ಟಿಯನ್ನೂ ತಿರುಗಿಸಿ ಇಟ್ಟೆ. ಆಮೇಲೆ ತಟ್ಟೆ ಎತ್ತಿಕೊಂಡು ಹೊಸಿಲಿಗೆ ಹೋದ. ನಾನು ಪಟ್ಟಿ ಎತ್ತಿಕೊಂಡು ಹೊಸಿಲಿಗೆ ಹೋದೆ.

"ಅತ್ತಿಗೆ, ಇದನ್ನ ಎತ್ತಿಡಿ."

"ಯಾಕೆ? ಕಚ್ಚುತ್ತಾ?"

"ಊಟ ಇಳಿಯಲ್ಲ."

"ನೀರು ಕುಡಿ."

ಇನ್ನೊಂದು ದಿನ ಸಿಟ್ಟಿಗೆದ್ದ. "ನಾನೇನು ಬೇಕು ಅಂತ ಮಾಡಿದ್ನಾ? ಅವನು ಕೆಳಗಿಂದ ಬೇಗ ಬೇಗ ಅಂತ ಅರಚ್ತಿದ್ದ. ಕೈ ತಾನಾಗೇ ಹೋಯ್ತು. ನಿಜ ಹೇಳಿದ್ರೆ ನನ್ನನ್ನ ಜೈಲಿಗೆ ಹಾಕ್ತೀನಿ ಅಂದ. ನಾನು ಜೈಲಿಗೆ ಹೋದ್ರೆ ನಿಮ್ಮನ್ನ ನೋಡ್ಕೊಳ್ಳೋರು ಯಾರು?"

"ನನ್ನ ಹೆಸರು ಹೇಳ್ಬೇಡ. ನಿನ್ನ ಭಯಕ್ಕೆ ನನ್ನ ಸೆರಗು ಮುಚ್ಬೇಡ."

"ಅದು ಬರೀ ಕಬ್ಬಿಣ ಅತ್ತಿಗೆ! ಇವತ್ತಲ್ಲ ನಾಳೆ ಬಿಡುತ್ತೆ."

"ಬಿಡ್ಲಿ. ಅದು ಮೊದಲು ಬಿಡುತ್ತೋ ನೀನು ಮೊದಲು ಬಾಯಿ ಬಿಡ್ತೀಯೋ ನೋಡೋಣ."

ಅಕ್ಕಪಕ್ಕದವರು ನನ್ನನ್ನು ರಾಕ್ಷಸಿ ಅಂದರು. ಸಾಕಿದ ಮಗನಿಗೆ ಹೀಗೆ ಮಾಡುತ್ತಾರಾ ಅಂದರು. ಸಾಕಿದ್ದಕ್ಕೇ ಮಾಡಿದೆ. ಪರರಾಗಿದ್ದರೆ ಅಷ್ಟು ತಾಳ್ಮೆ ನನಗೆಲ್ಲಿತ್ತು?

ಚಳಿಗಾಲ ಹೋಯಿತು, ಬೇಸಿಗೆ ಹೋಯಿತು. ಅವನ ಮೈ ಇಳಿದು ಹೋಯಿತು. ಅಂಗಿಗಳನ್ನೆಲ್ಲ ನಾನು ಒಳಗೆ ಹಿಡಿದು ಹೊಲಿದೆ. ತಗಡು ಅಂತ ಇವರು ಅಂದಿದ್ದರಲ್ಲ, ಅದೊಂದು ಮಾತು ಇವರದು ತಪ್ಪು. ಅವನೂ ಬೆರಕೆ ರಾಶಿ. ನಾನು ಒಂದು ಕಡೆ ಎಳೆಯುತ್ತಿದ್ದೆ, ಬೇಗಪ್ಪ ಒಂದು ಕಡೆ, ಸತ್ತ ಅಣ್ಣ ಒಂದು ಕಡೆ. ನಡುವೆ ನೇತಾಡುತ್ತಿದ್ದ.

ಒಂದು ಬೆಳಿಗ್ಗೆ ತಿಂಡಿ ಪೂರ್ತಿ ತಿಂದ. ಲೋಟ ಕೆಳಗಿಟ್ಟ.

"ಇವತ್ತು ಆ ಇನ್‌ಸ್ಪೆಕ್ಟರು ಮತ್ತೆ ಬರ್ತಾರೆ. ವರ್ಷದ ತಪಾಸಣೆ. ನೀವೂ ಬನ್ನಿ ಅತ್ತಿಗೆ." ಪಟ್ಟಿಯ ಕಡೆ ಕೈ ತೋರಿಸಿದ. "ಅದನ್ನೂ ತರ್ತೀರಾ?"

"ಅದು ಇಲ್ಲೇ ಇರುತ್ತೆ. ನೀನು ಊಟಕ್ಕೆ ವಾಪಸ್ ಬರ್ಬೇಕಲ್ಲ."

ಯಾರ್ಡಿನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದರು. ನಾನು ಟೀ ಅಂಗಡಿಯವಳ ಜೊತೆ ಗೇಟಿನ ಒಳಗೆ, ಹೆಲ್ಮೆಟ್ಟಿನ ಹತ್ತಿರ ನಿಂತೆ. ಬೇಗಪ್ಪ ನನ್ನನ್ನು ನೋಡಿದ, ಸಾಹೇಬರ ಎದುರು ಹೊರಗೆ ಕಳಿಸುವ ಹಾಗಿರಲಿಲ್ಲ. ಕ್ರೇನ್ ತೋರಿಸಲು ಹೋದ. ಈ ಸಲವೂ ತಗಡಿನ ರಾಶಿ ಸಿದ್ಧ ಮಾಡಿ ಇಟ್ಟಿದ್ದ.

ಕ್ರೇನು ತಗಡಿನ ರಾಶಿಯ ಕಡೆ ತಿರುಗಲಿಲ್ಲ. ಹಿಂದಿನ ಬೆರಕೆ ಗುಡ್ಡೆಗೆ ತಿರುಗಿತು. ಬಾಗಿತು, ಎತ್ತಿತು. ಸ್ಪ್ರಿಂಗು, ಸರಪಳಿ, ಗೇರು, ಬಾಗಿಲ ಚೌಕಟ್ಟು, ಎಲ್ಲಾ ಕಲಸುಮೇಲೋಗರ. ಖಾಲಿ ಲಾರಿಯ ಮೇಲೆ ತಂದು ನಿಲ್ಲಿಸಿತು. ಅಲ್ಲೇ ನಿಂತಿತು.

"ಏನೋ ಮಾಡ್ತಿದೀಯಾ? ಇಳಿಸು! ಬೇಗ!" ಬೇಗಪ್ಪ ಕೂಗಿದ.

ಮೈದುನ ಇಳಿಸಲಿಲ್ಲ. ಆ ದಿನ ಜಗಳ ನಡೆದಷ್ಟು ಹೊತ್ತು ಹಾಗೇ ಹಿಡಿದಿದ್ದ. ಸಾಹೇಬರು ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡರು. ಆಮೇಲೆ ಸ್ವಿಚ್ ತೆಗೆದ. ಉಲ್ಟಾ ಕರೆಂಟಿನ ಗುಂಡಿ ಒತ್ತಲಿಲ್ಲ.

ರಾಶಿ ಬಿತ್ತು. ಧೂಳು ಎದ್ದಿತು. ಧೂಳು ಇಳಿದಾಗ ಮ್ಯಾಗ್ನೆಟ್ಟಿನ ಕೆಳಗೆ ಒಂದು ಗೊಂಚಲು ನೇತಾಡುತ್ತಿತ್ತು. ಬಾವಲಿಗಳ ಹಾಗೆ.

ಹಾರ್ನ್ ಆಯಿತು.

ಒಬ್ಬರೂ ಅಲುಗಲಿಲ್ಲ. ಹಾರ್ನ್ ಇನ್ನೊಂದು ಸಲ ಆಯಿತು. ಮೈದುನ ಕ್ಯಾಬಿನ್ನಿನ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಕರೆಂಟು ತೆಗ್ದಿದೀನಿ ಸಾರ್!" ಅಂತ ಬೇಗಪ್ಪನಿಗೆ ಕೂಗಿದ. "ಹಾರ್ನೂ ಹೊಡ್ದಿದೀನಿ! ನೀವು ಹೇಳಿಕೊಟ್ಟ ಹಾಗೇ! ಹತ್ತಿ ಲಾರಿ!"

ಬೇಗಪ್ಪ ನಕ್ಕ. ನಗು ಪೂರ್ತಿ ಬರಲಿಲ್ಲ. "ತಲೆ ಕೆಟ್ಟಿದೆ ಸಾರ್ ಇವನಿಗೆ."

ನಾನು ಮುಂದೆ ಹೋದೆ. ಅವನ ಮುಖಕ್ಕೆ ಮುಖ ಕೊಟ್ಟು ನಿಂತೆ.

"ಕರೆಂಟು ಹೋದ್ರೆ ಹಿಡಿಯೋಕೆ ಏನಿದೆ ಅಂದಿದ್ರಲ್ಲ. ಹೋಗಿ. ಲಾರಿ ಹತ್ತಿ. ಭಯ ಆದ್ರೆ ನನ್ನ ಬಳೆ ಕೊಡ್ತೀನಿ."

ಸಾಹೇಬರು ನನ್ನನ್ನು ನೋಡಿದರು. ಆಮೇಲೆ ಮ್ಯಾಗ್ನೆಟ್ಟು ನೋಡಿದರು. ಆಮೇಲೆ ಬೇಗಪ್ಪನ ಕಾಲು ನೋಡಿದರು. ಎಲ್ಲರೂ ಅದನ್ನೇ ನೋಡುತ್ತಿದ್ದರು. ಅವನ ಕಾಲು ಒಂದು ಹೆಜ್ಜೆ ಹಿಂದಕ್ಕೆ ಹೋಯಿತು.

ಅವನು ಹತ್ತಲಿ ಅಂತ ನಾನು ಬಯಸಿದೆ. ಸುಳ್ಳು ಯಾಕೆ ಹೇಳಲಿ? ಹತ್ತಿದ್ದರೆ ನಾನು ಹಿಡಿದು ಎಳೆಯುತ್ತಿರಲಿಲ್ಲ.

ಗೊಂಚಲು ಕಳಚಿಕೊಂಡಿತು. ನಾವು ಮಾತಾಡಿದಷ್ಟು ಹೊತ್ತಿನಲ್ಲಿ, ಯಾರೂ ಮುಟ್ಟದೆ, ತಾನಾಗಿ. ಲಾರಿಯ ತಳ ಗುಡುಗಿತು. ಅದರ ಹಿಂದೆ ಒಂದು ಚಿಕ್ಕ ಬೇರಿಂಗು, ಅದಕ್ಕೂ ತಡವಾಗಿ, ಟಣ್ ಅಂತ ಬಿತ್ತು.

ಮೈದುನ ಏಣಿ ಇಳಿದು ಬಂದ. ಸಾಹೇಬರ ಎದುರು ನಿಂತ, ಈ ಸಲ ಬೂಟು ನೋಡಲಿಲ್ಲ. "ಆವತ್ತು ಹೀಗೇ ಆಗಿದ್ದು ಸಾರ್. ಹಾರ್ನ್ ಹೊಡೆದಿದ್ದು ನಾನು. ಅಣ್ಣ ಅದನ್ನ ನಂಬಿ ಹತ್ತಿದ. ನಾನು ಸುಳ್ಳು ಹೇಳ್ದೆ." ಆಮೇಲೆ ಗೇಟಿಗೆ ಹೋದ. ತಂತಿ ತುಕ್ಕು ಹಿಡಿದು ಬಿಗಿದುಕೊಂಡಿತ್ತು, ಬೆರಳು ಕೊಯ್ದುಕೊಂಡು ಬಿಚ್ಚಿದ. ಹೆಲ್ಮೆಟ್ಟು ತಂದು ನನ್ನ ಕೈಗೆ ಕೊಟ್ಟ. ಬೇಗಪ್ಪ ನೋಡುತ್ತಿದ್ದ. ಟೀ ಅಂಗಡಿಯವಳು ಹಲಗೆಯನ್ನು ಕಿತ್ತು, ಒಲೆಗೆ ಆಗುತ್ತದೆ ಅಂತ ತೆಗೆದುಕೊಂಡು ಹೋದಳು.

ತಪ್ಪು ಯಾರದು ಅನ್ನುವುದನ್ನು ಸಾಹೇಬರು ತಿರುಗಿಸಿ ಬರೆದರು. ಬೇಗಪ್ಪನ ಕೆಲಸ ಹೋಯಿತು. ಈಗ ಅವನು ಬಸ್ ಸ್ಟ್ಯಾಂಡಿನ ಹಿಂದೆ ಒಂದು ಸಿಮೆಂಟಿನ ಅಂಗಡಿಯಲ್ಲಿ ಮೂಟೆ ಎಣಿಸುತ್ತಾನೆ. ನನ್ನನ್ನು ಕಂಡರೆ ಒಳಗೆ ಹೋಗುತ್ತಾನೆ. ಅದಕ್ಕೇ ನಾನು ಸುತ್ತು ಬಳಸಿ ಆ ಕಡೆಯಿಂದಲೇ ಹೋಗುತ್ತೇನೆ. ಮೈದುನನನ್ನು ಕ್ರೇನಿನಿಂದ ಇಳಿಸಿದರು. ಈಗ ಅವನು ಅಣ್ಣನ ಕೆಲಸ ಮಾಡುತ್ತಾನೆ, ಕೆಳಗೆ, ಸಲಾಕೆ ಹಿಡಿದು. ಹಾರ್ನ್ ಆದರೂ ತಲೆ ಎತ್ತಿ ನೋಡುತ್ತಾನಂತೆ.

ಹೆಲ್ಮೆಟ್ಟು ಇಳಿಸಿದ ಆ ರಾತ್ರಿ ಊಟಕ್ಕೆ ಕೂತವನು ಕೇಳಿದ: "ಅತ್ತಿಗೆ, ಇನ್ನಾದ್ರೂ ಎತ್ತಿಡ್ತೀರಾ?"

"ನೀನು ಹೇಳೋಕೆ ಎಷ್ಟು ದಿನ ತಗೊಂಡೆ?"

ಅವನು ಲೋಟ ಎತ್ತಿ ನೀರು ಕುಡಿದ.

"ನಂಗೂ ಅಷ್ಟು ಬೇಕು. ಇನ್ನೂ ಜಾಸ್ತಿ ಬೇಕೋ ಏನೋ. ಊಟ ಮಾಡು."

ಬೆಳಿಗ್ಗೆ ಎದ್ದ ತಕ್ಷಣ, ಒಲೆ ಹಚ್ಚುವ ಮೊದಲು, ಮೆಷಿನ್ನಿನ ಎಣ್ಣೆಯಲ್ಲಿ ಬಟ್ಟೆಯ ತುಂಡು ಅದ್ದಿ ಪಟ್ಟಿಯನ್ನು ಒರೆಸುತ್ತೇನೆ, ತುಕ್ಕು ಕೂರಬಾರದು. ಕೈ ಒರೆಸಿಕೊಂಡು ಸೂಜಿಯನ್ನು ಅದರ ತುದಿಗೆ ತಾಗಿಸಿ ಬಿಡುತ್ತೇನೆ. ಸೂಜಿ ಸ್ವಲ್ಪ ತೂಗಿ ನಿಲ್ಲುತ್ತದೆ. ಆಮೇಲೆ ಮೈದುನನ ತಟ್ಟೆ ಇಟ್ಟು, ಅದನ್ನು ಬಲಗಡೆಗೆ ಇಟ್ಟು, ತಿಂಡಿಗೆ ಕರೆಯುತ್ತೇನೆ.